ಒಂದು ಕಾವಲಿ, ಹದಿನಾಲ್ಕು ದೋಸೆ

ಎಪ್ಪತ್ತರ ದಶಕದ ಮೊದಲಲ್ಲಿ ನಾನು ಘಾಟ್ಕೋಪರ್ ಸ್ಟೇಷನ್ನಿನ ಎದುರಿನ ಒಂದು ಕಾಫಿ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದೆ. ಅಲ್ಲಿ ಸಿಗುತ್ತಿದ್ದುದು ಇಡ್ಲಿ, ವಡೆ, ಉಪ್ಪಿಟ್ಟು, ಸಾದಾ ದೋಸೆ, ಮಸಾಲೆ ದೋಸೆ, ಮೇಲೆ ಕಾಫಿ ಅಥವಾ ಚಹಾ. ಗಿರಾಕಿ ಕೂರುವ ಮೊದಲೇ ಅವನಿಗೇನು ಬೇಕೆಂದು ನಮಗೆ ಗೊತ್ತಿರುತ್ತಿತ್ತು. ತಿಂದು, ಕುಡಿದು, ಬಾಯಿ ಒರೆಸಿಕೊಳ್ಳುತ್ತಲೇ ಹೋಗಿ ಲೋಕಲ್ ಹಿಡಿಯುತ್ತಿದ್ದ.

ಪಕ್ಕದ ರಸ್ತೆಯಲ್ಲಿ ಹೊಸ ಹೋಟೆಲೊಂದು ಶುರುವಾಗಿ, ಅಲ್ಲಿ ಮೇಜಿಗೊಂದು ಮೆನು ಕಾರ್ಡು ಇಟ್ಟದ್ದನ್ನು ನಮ್ಮ ಧಣಿಗಳು ನೋಡಿ ಬಂದರು. "ನೀನು ಮೆಟ್ರಿಕ್ ಓದಿದವ ಅಲ್ವಾ, ನಮಗೂ ಒಂದು ಪಟ್ಟಿ ಮಾಡು ಮಾರಾಯ" ಎಂದರು. ಮೊದಲೇ ಮಂಗ, ಮೇಲೆ ಹೆಂಡ ಕುಡಿಸಿದ ಹಾಗಾಯಿತು. ಈರುಳ್ಳಿ ದೋಸೆ, ಈರುಳ್ಳಿ ರವಾ ದೋಸೆ, ಈರುಳ್ಳಿ ಉತ್ತಪ್ಪ ಎಂದು ಬರೆಯುತ್ತಾ ಹೋಗಿ ದೋಸೆಗಳನ್ನೇ ಹದಿನಾಲ್ಕಕ್ಕೆ ಮುಟ್ಟಿಸಿದೆ. ಕಾಫಿಯಲ್ಲೂ ಐದು ಬಗೆ ಮಾಡಿದೆ. ಒಳಗೆ ಕಾವಲಿ ಇರುವುದು ಒಂದೇ ಎಂದು ನನಗೆ ಹೊಳೆಯಲಿಲ್ಲ.

ಆ ಕಾವಲಿಯ ಮುಂದೆ ನಿಲ್ಲುತ್ತಿದ್ದವರು ಉಡುಪಿ ಕಡೆಯ ಹಿರಿಯರೊಬ್ಬರು. ದಹಿಸರಿನ ಚಾಳೊಂದರಲ್ಲಿ ಹೆಂಡತಿ, ಮೂರು ಮಕ್ಕಳು. ದಿನಾ ಬೆಳಿಗ್ಗೆ ದಾದರಿನಲ್ಲಿ ಗಾಡಿ ಬದಲಿಸಿ ಬರುತ್ತಿದ್ದರು. ಬೇರೆ ಕೆಲಸ ಅವರಿಗೆ ಗೊತ್ತಿರಲಿಲ್ಲ.

ನಮ್ಮ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಗುಜರಾತಿಗಳು. ಅವರಲ್ಲಿ ಜೈನರು ಈರುಳ್ಳಿ ಮುಟ್ಟುವವರಲ್ಲ. ಮೊದಲು ಈರುಳ್ಳಿ ಕಾವಲಿಗೆ ತಾಗುವ ಪ್ರಶ್ನೆಯೇ ಇರಲಿಲ್ಲ, ಮಸಾಲೆ ದೋಸೆಯ ಈರುಳ್ಳಿ ಪಲ್ಯ ಬೀಳುತ್ತಿದ್ದದ್ದೂ ದೋಸೆಯ ಮೇಲೆ. ಈಗ ಪ್ರತಿ ಈರುಳ್ಳಿ ದೋಸೆಯ ನಂತರ ನೀರು ಚಿಮುಕಿಸಿ, ತೆಂಗಿನ ಕಡ್ಡಿಯ ಪೊರಕೆಯಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಮತ್ತೆ ಕಾವು ಏರುವವರೆಗೆ ಕಾಯಬೇಕಾಗುತ್ತಿತ್ತು. ಹೊರಗೆ ಜನ ಕಾರ್ಡು ಹಿಡಿದು "ಇಸ್ಮೇ ಕ್ಯಾ ಹೈ, ಉಸ್ಮೇ ಕ್ಯಾ ಹೈ" ಎಂದು ಹದಿನಾಲ್ಕನ್ನೂ ವಿಚಾರಿಸಿ ಕೊನೆಗೆ ಸಾದಾ ದೋಸೆ ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಾರ್ಡು ಬರೆದವನು ನಾನೇ ಎಂಬುದು ಆಗ ನೆನಪಾಗುತ್ತಿರಲಿಲ್ಲ.

ಒಂದು ಸೋಮವಾರ ಹೋಟೆಲು ತುಂಬಿತ್ತು. ಬಟ್ಟೆ ಅಂಗಡಿಯ ಜೈನ ಮುದುಕರೊಬ್ಬರು, ನಮ್ಮ ಹಳೆಯ ಗಿರಾಕಿ, ಸಾದಾ ದೋಸೆಗಾಗಿ ಮೂರು ಸಲ ಕೇಳಿದರು. ಒಳಗೆ ಹೋದರೆ ಹಿರಿಯರು ಆಗಷ್ಟೇ ಈರುಳ್ಳಿ ಉತ್ತಪ್ಪ ತೆಗೆದು ಪೊರಕೆಗೆ ಕೈ ಹಾಕಿದ್ದರು.

"ಉಜ್ಜುವುದು ಬಿಡಿ, ಹಾಗೇ ಹೊಯ್ಯಿರಿ. ಅವರ ಲೋಕಲ್ ಹೋಗ್ತದೆ" ಎಂದೆ.

"ಬೇಡ ಮಾರಾಯ್ರೆ, ಅವರು ತಿನ್ನುದಿಲ್ಲ" ಎಂದರು.

"ಹೊಯ್ಯಿರಿ ಅಂದೆನಲ್ಲ" ಎಂದು ರೇಗಿದೆ. ಅವರು ಹೊಯ್ದರು.

ಎರಡನೆಯ ತುತ್ತಿಗೆ ಮುದುಕರು ಬಾಯಿಂದ ಕರಕಲಾದ ಈರುಳ್ಳಿಯ ಎಸಳೊಂದನ್ನು ತೆಗೆದು ತಟ್ಟೆಯ ಅಂಚಿಗಿಟ್ಟರು. ಹೊರಗೆ ಹೋಗಿ ಬಹಳ ಹೊತ್ತು ಬಾಯಿ ತೊಳೆದು, ತಿರುಗಿ ನೋಡದೆ ಹೋದರು.

ಇದನ್ನು ನೋಡಿದ ಧಣಿಗಳು ನೇರ ಒಳಗೆ ಬಂದು ಹಿರಿಯರಿಗೆ, "ನಾಳೆಯಿಂದ ನೀವು ಬರುದು ಬೇಡ" ಎಂದರು. ನಾನು ಕೈಯಲ್ಲಿ ನೀರಿನ ಲೋಟ ಹಿಡಿದು ಅಲ್ಲೇ ನಿಂತಿದ್ದೆ. ಹಿರಿಯರು ನನ್ನ ಕಡೆ ಒಮ್ಮೆ ನೋಡಿ ಸಟ್ಟುಗ ಕೆಳಗಿಟ್ಟರು. ನಿಜ ಹೇಳಬೇಕಾದವನು ನಾನು. ನನ್ನ ಕೆಲಸವೂ ಹೋದೀತೆಂಬ ಹೆದರಿಕೆ. ಲೋಟ ತೆಗೆದುಕೊಂಡು ಹೊರಗೆ ಬಂದೆ.

ಹೊಸಬ ಬಂದ. ಅವನ ಕೈಯೂ ನಿಧಾನವೇ ಆಯಿತು, ಎಂಟು ದಿನದಲ್ಲಿ ಬಿಟ್ಟು ಹೋದ. ಆಮೇಲೆ ಬಂದವನೂ ಹಾಗೆಯೇ. ಕೊನೆಗೆ ಧಣಿಗಳಿಗೆ ಬುದ್ಧಿ ಬಂದು ಕಾರ್ಡುಗಳನ್ನೆಲ್ಲ ಒಲೆಗೆ ಹಾಕಿಸಿದರು. "ಹೋಗಿ ಅವರನ್ನು ಕರ್ಕೊಂಡು ಬಾ" ಎಂದು ನನ್ನನ್ನೇ ದಹಿಸರಿಗೆ ಕಳಿಸಿದರು.

ಹಿರಿಯರು ಸುತ್ತಲಿನ ಬಿಲ್ಡಿಂಗುಗಳಿಗೆ ಇಡ್ಲಿ ಹೊತ್ತು ಮಾರುತ್ತಿದ್ದರು. ನಾನು ಹೋದಾಗ ಖಾಲಿ ಡಬ್ಬ ಹಿಡಿದು ಆಗಷ್ಟೇ ಮನೆಗೆ ಬಂದಿದ್ದರು. ಕಾರ್ಡು ತೆಗೆದದ್ದನ್ನೂ ಧಣಿಗಳು ಕರೆದದ್ದನ್ನೂ ಹೇಳಿದೆ. ಹೆಂಡತಿ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದರು.

"ಧಣಿಗಳ ಮೇಲೆ ನನಗೆ ಬೇಜಾರಿಲ್ಲ. ಅವರಿಗೆ ಗೊತ್ತಿರ್ಲಿಲ್ಲ" ಎಂದರು ಹಿರಿಯರು. ಡಬ್ಬ ಕೆಳಗಿಟ್ಟು, "ನಿಮಗೆ ಗೊತ್ತಿತ್ತು" ಎಂದರು.

ಅವರು ಬರಲೊಪ್ಪಲಿಲ್ಲ ಎಂದು ಧಣಿಗಳಿಗೆ ತಿಳಿಸಿದೆ. ಏಕೆಂದು ಅವರು ಕೇಳಿದರು. ದೂರವಾಗುತ್ತದಂತೆ ಎಂದೆ.