ಹಾರ್ನ್ ಯಾಕೆ ಹೊಡೆದೆನೆಂದು ಹೇಳಿದ ಡ್ರೈವರ್

೧೯೪೫ರ ಮಾತು. ರಾಯಚೂರು ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ನಾನು ನಗರದ ಒಂದು ಹತ್ತಿ ಗಿರಣಿಯಲ್ಲಿ ಕೂಲಿಗಿದ್ದೆ. ನಮ್ಮೂರು ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್. ಊರಲ್ಲಿ ನನಗಿದ್ದವಳು ಅಕ್ಕ ದುರ್ಗವ್ವ ಒಬ್ಬಳೇ. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳು. ಗಂಡ ಬೇಗ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಕೂಲಿ ಮಾಡಿ ತಿನ್ನುತ್ತಿದ್ದಳು. ಹೋದ ತಿಂಗಳು ಅಕ್ಕ ತೀರಿಕೊಂಡಳು. ಅಂದಿನಿಂದ ಈ ಹಳೆಯ ಸಂಗತಿ ಮನಸ್ಸು ಬಿಟ್ಟು ಕದಲುತ್ತಿಲ್ಲ.

ಆ ವರ್ಷದ ಸುಗ್ಗಿಯ ದಿನಗಳು. ನಾನು ರಜೆ ಹಾಕಿ ಊರಿಗೆ ಬಂದಿದ್ದೆ. ಅಕ್ಕ, ನಾನು ಮಾನ್ವಿ ಸಂತೆಗೆ ನಡೆದು ಹೊರಟಿದ್ದೆವು. ಹಿಂದಿನಿಂದ ಮೋಟಾರಿನ ಹಾರ್ನ್ ಕೇಳಿತು. ಆ ಕಾಲಕ್ಕೆ ನಮ್ಮ ಕಡೆ ಮೋಟಾರು ಅಂದರೆ ಅದರಲ್ಲಿ ದೊಡ್ಡವರೊಬ್ಬರು ಕುಳಿತಿರುತ್ತಾರೆ ಎಂದೇ ಅರ್ಥ. ನಮ್ಮ ಕೇರಿಯವರು ರಸ್ತೆ ಬಿಟ್ಟು ಇಳಿದು, ಚಪ್ಪಲಿ ಕಳಚಿ, ತಲೆ ತಗ್ಗಿಸಿ ನಿಲ್ಲಬೇಕಿತ್ತು. ಹಾಗೆಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಆದರೆ ನಿಲ್ಲದವರು ಆಮೇಲೆ ಊರಲ್ಲಿ ಅನುಭವಿಸುತ್ತಿದ್ದರು.

ನಾನು ಒಂದು ಬದಿಗೆ ಇಳಿದು ಚಪ್ಪಲಿ ಕಳಚಿದೆ. ಅಕ್ಕ ಇನ್ನೊಂದು ಬದಿಗೆ ಇಳಿದಳು. ಅವಳ ಚಪ್ಪಲಿಯ ಪಟ್ಟಿ ಬಿಗಿಯಾಗಿತ್ತು. ಬಗ್ಗಿ ಎಳೆಯುತ್ತಿದ್ದಳು. ಎದುರಿಗೆ ಒಂದು ಬಂಡಿ ಬಂತು. ಬಂಡಿಯನ್ನು ತಪ್ಪಿಸಲು ಮೋಟಾರು ಅಕ್ಕ ಇದ್ದ ಬದಿಗೆ ಹೊರಳಿತು. ಅವಳು ತಲೆ ಎತ್ತುವಷ್ಟರಲ್ಲಿ ಚಕ್ರ ಎಡಗಾಲಿನ ಮೇಲೆ ಹಾದುಹೋಗಿತ್ತು.

ಮೋಟಾರು ದೇವದುರ್ಗದ ಕಡೆಯ ಒಬ್ಬ ಜಮೀನುದಾರರದು. ಅವರು ಹಿಂದಿನ ಸೀಟಿನಲ್ಲೇ ಕುಳಿತು, "ಊರ ಮಂದಿ ಬಂದು ಎತ್ಕೊಂಡು ಹೋಗ್ತಾರ, ನೀ ನಡಿ" ಅಂದರು. ಡ್ರೈವರ್ ಆಗಲೇ ಇಳಿದು ಬಂದು ತನ್ನ ತಲೆಯ ರುಮಾಲು ಬಿಚ್ಚಿ ಅಕ್ಕನ ಕಾಲಿಗೆ ಸುತ್ತುತ್ತಿದ್ದರು. ಹೆಸರು ಖಾಸಿಂಸಾಬ್ ಎಂದು ನಮಗೆ ಆಮೇಲೆ ತಿಳಿಯಿತು. "ರಕ್ತ ಬಾಳ ಹೋಗಾಕತ್ತದ ಧಣಿ, ರಾಯಚೂರು ದವಾಖಾನಿಗೆ ಒಯ್ತೀನಿ" ಅಂದರು. ಧಣಿಗಳು ನಮ್ಮ ಜೊತೆ ಕೂರುವವರಲ್ಲ. ಡ್ರೈವರ್ ನಮ್ಮಿಬ್ಬರನ್ನು ಮುಂದಿನ ಸೀಟಿಗೆ ಹತ್ತಿಸಿದ ಮೇಲೆ ಗೊಣಗುತ್ತ ಬಂದು ಮಾನ್ವಿಯಲ್ಲೇ ಇಳಿದುಕೊಂಡರು.

ಅಕ್ಕನ ಜೀವ ಉಳಿಯಿತು. ಆದರೆ ಪಾದದ ಮೂಳೆಗಳು ಪುಡಿಯಾಗಿದ್ದವು. ಇನ್ನು ಹೊಲದ ಕೆಲಸ ಆಗುವುದಿಲ್ಲ ಎಂದು ಡಾಕ್ಟರರು ಹೇಳಿದರು. ಅಕ್ಕ ಆ ಮಾತಿಗೆ ಅಳಲಿಲ್ಲ. ಗೋಡೆಯ ಕಡೆ ಹೊರಳಿ ಮಲಗಿದಳು. ಕೂಲಿ ಬಿಟ್ಟರೆ ಅವಳಿಗೆ ಬೇರೆ ಬದುಕಿರಲಿಲ್ಲ.

ಕೆಲವು ದಿನ ಬಿಟ್ಟು ಧಣಿಗಳ ಗುಮಾಸ್ತ ಬಂದ. ಒಂದು ಚೀಲ ಜೋಳ, ಒಂದು ಸೀರೆ ತಂದಿದ್ದ. "ಧಣೇರು ಧರ್ಮಾ ಅಂತ ಕೊಟ್ಟಾರ. ರಾಜಿ ಆತಂತ ಹೆಬ್ಬಟ್ಟು ಒತ್ತಿಬಿಡವ್ವಾ" ಅಂದ. ನನಗಂತೂ ಒತ್ತಿದರೆ ಸಾಕು ಅನ್ನಿಸಿತ್ತು. ಅಕ್ಕ ಸೀರೆಯನ್ನು ಬೆರಳಿನಿಂದ ಮುಟ್ಟಿ ನೋಡಿ, "ಸೀರಿ ಚಲೋ ಅದ. ಉಟ್ಕೊಂಡು ನಿಂದ್ರಾಕ ಕಾಲು ಬೇಕಲ್ಲಪಾ, ಅದನ್ಯಾಕ ತರಲಿಲ್ಲ?" ಎಂದಳು. ಗುಮಾಸ್ತ ನಾಳೆ ಬರುತ್ತೇನೆಂದು ಹೋದ.

ಅದೇ ಮಧ್ಯಾಹ್ನ ಖಾಸಿಂಸಾಬ್ ಬಂದರು. ಮಂಚದ ಹತ್ತಿರ ಬರದೆ ಬಾಗಿಲಲ್ಲೇ ನಿಂತರು.

"ಯವ್ವಾ, ರಾಜಿ ಮಾಡ್ಕೋಬ್ಯಾಡ. ಅದಾಲತಿಗೆ ಹೋದ್ರ ಪರಿಹಾರ ಕೊಡಸ್ತಾರ. ಅದು ನಿನ್ನ ಹಕ್ಕು, ಧರ್ಮ ಅಲ್ಲ. ಒಬ್ಬ ವಕೀಲರ ಮನಿ ತೋರಿಸ್ತೀನಿ, ಬಡವರ ಹತ್ರ ಮೊದಲ ಫೀಸು ಕೇಳಂಗಿಲ್ಲ ಅವರು" ಎಂದರು.

ಅಕ್ಕ ಅವರ ಕಡೆ ಹೊರಳಿದಳು. "ಕಾಲ ಮ್ಯಾಲ ಗಾಡಿ ಹತ್ತಿಸಿದವನೂ ನೀನ, ಅದಾಲತಿಗೆ ಹೋಗು ಅನ್ನಾವನೂ ನೀನ. ನಿನ್ನ ತಲಿ ನೆಟ್ಟಗ ಅದನೋ ಇಲ್ಲೋ?"

"ಅವತ್ತಿನಿಂದ ನೆಟ್ಟಗಿಲ್ಲ ಯವ್ವಾ" ಅಂದರು ಅವರು. ಅಕ್ಕ ನಕ್ಕಳು. ದವಾಖಾನೆಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ವಕೀಲರು ವಯಸ್ಸಾದವರು. ಎಲ್ಲವನ್ನೂ ಕೇಳಿ ದಾವೆ ಹಾಕಿದರು. ಆದರೆ ಒಂದು ಮಾತು ಬಿಚ್ಚಿ ಹೇಳಿದರು: "ಆಕಿ ರಸ್ತಾದ ನಡುವ ಇದ್ದಳು ಅಂತ ಅವರು ಹೇಳ್ತಾರ. ನೀನು ಒಡಹುಟ್ಟಿದ ತಮ್ಮ, ನಿನ್ನ ಮಾತಿಗೆ ತೂಕ ಕಮ್ಮಿ. ಬಂಡಿ ಹೊಡ್ಯಾಂವ ಅಂಜಿ ಊರು ಬಿಟ್ಟಾನ. ಇನ್ನ ನೋಡಿದಾಂವ ಅಂದ್ರ ಡ್ರೈವರ್ ಒಬ್ಬನ. ಅವ ಅವರ ಸಾಕ್ಷಿ."

ಖಾಸಿಂಸಾಬ್ ನಿಜ ಹೇಳಿದರೆ ನೌಕರಿ ಹೋಗುತ್ತದೆ, ತಪ್ಪು ಒಪ್ಪಿಕೊಂಡಂತಾಗಿ ಮೋಟಾರು ಓಡಿಸುವ ಪರವಾನಗಿಯೂ ಹೋಗಬಹುದು. ಅವರಿಗೆ ನಾಲ್ಕು ಮಕ್ಕಳಿದ್ದವು. ದವಾಖಾನೆಯ ಬಾಗಿಲಲ್ಲಿ ನಿಂತು ಆಡಿದ ಮಾತನ್ನು ಅದಾಲತಿನಲ್ಲೂ ಆಡುತ್ತಾರೆಂದು ನಾನು ನಂಬಲಿಲ್ಲ. ಅಕ್ಕನೂ, "ಅವನ ಮಕ್ಕಳ ಹೊಟ್ಟಿ ಮ್ಯಾಲ ಹೊಡದು ನಾ ಉಣ್ಣಂಗಿಲ್ಲ. ಅವ ಸುಳ್ಳು ಹೇಳಿದ್ರೂ ನೀ ಬಾಯಿ ಮಾಡಬ್ಯಾಡ" ಎಂದಿದ್ದಳು.

ವಿಚಾರಣೆಯ ದಿನ ಅಕ್ಕನನ್ನು ಬಂಡಿಯಲ್ಲಿ ಕರೆದುಕೊಂಡು ಹೋದೆ. ಎಲ್ಲ ಉರ್ದುವಿನಲ್ಲಿ ನಡೆಯುತ್ತಿತ್ತು. ನಮ್ಮ ವಕೀಲರು ಕನ್ನಡ ಮಾಡಿ ಹೇಳುತ್ತಿದ್ದರು. ಮುನ್ಸಿಫ್ ಸಾಹೇಬರು ಅಕ್ಕನನ್ನು ಕೇಳಿದರು, ಹಾರ್ನ್ ಕೇಳಿದ ಮೇಲೂ ಯಾಕೆ ಸರಿಯಲಿಲ್ಲ ಎಂದು.

"ಸರದು ಕೆಳಗ ಇಳದಿದ್ನಿರಿ. ಚಪ್ಪಲಿ ತಗ್ಯಾಕ ಬಗ್ಗಿದ್ನಿ."

"ಆಗ ಚಪ್ಪಲಿ ಯಾಕ ತಗೀಬೇಕಿತ್ತು?"

ಇಂಥ ಪ್ರಶ್ನೆಯನ್ನು ಯಾರಾದರೂ ಕೇಳಿಯಾರೆಂದು ಅಕ್ಕ ಎಣಿಸಿರಲಿಲ್ಲ. "ಒಳಗ ಧಣೇರು ಕುಂತಿದ್ರಲ್ರಿ" ಎಂದಳು, ಮಗುವಿಗೆ ತಿಳಿಸಿ ಹೇಳುವಂತೆ.

ಎದುರು ಪಕ್ಷದ ವಕೀಲರು ನಕ್ಕರು. ಹಾರ್ನ್ ಕೊಟ್ಟು ಎಚ್ಚರಿಸಿದ ಮೇಲೂ ಬಗ್ಗಿ ಕುಳಿತವರದೇ ತಪ್ಪು, ಮೋಟಾರಿನದಲ್ಲ ಎಂದು ವಾದಿಸಿ, ಖಾಸಿಂಸಾಬರನ್ನು ಕರೆಸಿದರು.

ಅವರು ಬಂದು ನಿಂತರು. "ಹುಜೂರ್, ಈ ಯವ್ವಗೂ ತಿಳೀಲಿ, ಕನ್ನಡದಾಗ ಹೇಳಾಕ ಅಪ್ಪಣಿ ಕೊಡ್ರಿ" ಎಂದು ಕೇಳಿಕೊಂಡರು. ಸಾಹೇಬರು ಒಪ್ಪಿದರು.

"ನಾ ಹಾರ್ನ್ ಹೊಡದದ್ದು ಮಂದಿ ಎಚ್ಚರಾಗಲಿ ಅಂತ ಅಲ್ರಿ. ಇವರು ದಾರಿ ಅಂಚಿಗೇ ನಡದಿದ್ರು, ಬಂಡಿ ಇನ್ನೂ ಕಂಡಿರಲಿಲ್ಲ. ಧಣೇರು ಬರಾಕತ್ತಾರ ಅಂತ ತಿಳದು ಮಂದಿ ಚಪ್ಪಲಿ ಬಿಟ್ಟು ನಿಂದರಲಿ ಅಂತ ಹೊಡದೆ. ನಡಕೊಂಡು ಹೋಗಾವರು ಕಂಡಲ್ಲೆಲ್ಲ ಹಂಗ ಹೊಡೀಬೇಕಂತ ನನಗ ಹೇಳಿಟ್ಟಿದ್ರು. ಆ ಹಾರ್ನ್ ಕೇಳೇ ಈಕಿ ಬಗ್ಗಿದ್ಲು. ಈಕಿ ರಸ್ತಾದ ಕೆಳಗಿದ್ಲು. ಬಂಡಿ ಬಂತಂತ ನಾನ ಆಕಡಿ ತಿರುವಿದೆ. ತಪ್ಪು ಈಕಿದಲ್ಲ, ನಂದು."

ಧಣಿಗಳು ಎದ್ದು ಹೊರಗೆ ಹೋದರು. ಖಾಸಿಂಸಾಬ್ ಅವರ ಕಡೆ ನೋಡಲಿಲ್ಲ.

ತೀರ್ಪು ನಮ್ಮ ಪರವಾಗಿ ಬಂತು. ರಸ್ತೆ ಸರ್ಕಾರದ್ದು, ಅದರಲ್ಲಿ ನಡೆದು ಹೋಗುವವರ ಹಕ್ಕು ಮೋಟಾರಿನಲ್ಲಿ ಕುಳಿತು ಹೋಗುವವರ ಹಕ್ಕಿಗಿಂತ ಕಡಿಮೆಯಲ್ಲ ಎಂದು ಸಾಹೇಬರು ಹೇಳಿದರಂತೆ. ಕಾಲು ಹೋದದ್ದಕ್ಕೂ ಮುಂದೆ ಕೂಲಿ ತಪ್ಪಿದ್ದಕ್ಕೂ ಮೋಟಾರಿನ ಮಾಲೀಕರು ಪರಿಹಾರ ಕೊಡಬೇಕೆಂದು ಆಜ್ಞೆಯಾಯಿತು. ವಕೀಲರು ಇದನ್ನೆಲ್ಲ ಬಿಡಿಸಿ ಹೇಳಿದಾಗ ಅಕ್ಕ ಕೇಳಿದ್ದು ಒಂದೇ: "ಆ ಡ್ರೈವರ್‌ಗ ಏನಾತ್ರಿ?"

ಅವರ ನೌಕರಿ ಅಂದೇ ಹೋಗಿತ್ತು. ಪರವಾನಗಿಯನ್ನೂ ಕೆಲವು ತಿಂಗಳು ಕಿತ್ತುಕೊಂಡಿದ್ದರು. ಆ ತಿಂಗಳುಗಳಲ್ಲಿ ಅವರು ರಾಯಚೂರಿನ ಸ್ಟೇಷನ್ನಿನಲ್ಲಿ ಮೂಟೆ ಹೊತ್ತರು. ಅಕ್ಕ ಪರಿಹಾರದಲ್ಲಿ ಎರಡು ಎಮ್ಮೆ ತೆಗೆದುಕೊಂಡಳು. ಮೊದಲ ಬೆಣ್ಣೆಯನ್ನು ನನ್ನ ಕೈಲಿ ಅವರ ಮನೆಗೆ ಕಳಿಸಿದಳು. ಖಾಸಿಂಸಾಬ್ ಬೇಡವೆಂದರು. "ಇದು ಧರ್ಮ ಅಲ್ಲಂತ ಹೇಳು ಅಂದಾಳ್ರಿ ಅಕ್ಕ" ಎಂದೆ. ಆಗ ತೆಗೆದುಕೊಂಡರು.

ಮುಂದೆ ಅವರಿಗೆ ಮಾನ್ವಿ ಕಡೆಯ ಬಸ್ಸಿನಲ್ಲಿ ಕೆಲಸ ಸಿಕ್ಕಿತು. ಅಕ್ಕ ಕೋಲೂರಿಕೊಂಡು ಮೊಸರಿನ ಗಡಿಗೆ ಹೊತ್ತು ಎಲ್ಲಿ ನಿಂತಿರುತ್ತಿದ್ದಳೋ ಬಸ್ಸು ಅಲ್ಲೇ ಬಂದು ನಿಲ್ಲುತ್ತಿತ್ತು. ಜನ ಗೊಣಗುತ್ತಿದ್ದರು. ಅಕ್ಕ ಡ್ರೈವರ್ ಹಿಂದಿನ ಸೀಟಿನಲ್ಲಿ ಕುಳಿತು ಮಾನ್ವಿ ಬರುವವರೆಗೂ ಮಾತಾಡುತ್ತಿದ್ದಳು. ಏನು ಮಾತಾಡುತ್ತಿದ್ದರೋ, ಇಬ್ಬರೂ ನಗುತ್ತಿದ್ದರು. ಆ ಎಮ್ಮೆಗಳ ಹಾಲಿನಿಂದಲೇ ಅಕ್ಕ ನನ್ನ ಮದುವೆ ಮಾಡಿದಳು, ನನ್ನ ಮಕ್ಕಳನ್ನು ಶಾಲೆಗೆ ಕಳಿಸಿದಳು. ಯಾರ ಮುಂದೆಯೂ ಕೈ ಚಾಚದೆ ಬದುಕಿ ಹೋದಳು.

ಖಾಸಿಂಸಾಬ್ ತೀರಿಕೊಂಡು ಬಹಳ ವರ್ಷವಾಯಿತು. ಮೊನ್ನೆ ಅಕ್ಕನ ದಿನ ಮಾಡಿದೆವು. ಅವಳಿಗೆ ಸೇರುತ್ತಿದ್ದುದನ್ನೆಲ್ಲ ಮಾಡಿ ಎಡೆ ಇಟ್ಟೆವು. ನಾನು ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿದೆ.

"ಇದು ಯಾರದ್ರೀ?" ಎಂದಳು ಹೆಂಡತಿ.

"ಡ್ರೈವರ್ ಸಾಬರದು."

ಅವಳು ಸೌಟು ಹಿಡಿದು ನಿಂತು, "ಅವರಿಗೆ ಏನು ಸೇರ್ತಿತ್ತು?" ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯ ಅನ್ನಕ್ಕೆ ಕಾರಣರಾದವರು ಅವರು. ಅವರಿಗೆ ಏನು ಇಷ್ಟವೆಂದು ನಾನು ಒಂದು ದಿನವೂ ಕೇಳಿರಲಿಲ್ಲ. ಅಕ್ಕನಿಗೆ ಖಂಡಿತ ಗೊತ್ತಿತ್ತು. ಅವಳನ್ನು ಕೇಳೋಣವೆಂದು ಅವಳು ಮಲಗುತ್ತಿದ್ದ ಒಳಕೋಣೆಯ ಕಡೆ ತಿರುಗಿಯೂಬಿಟ್ಟೆ.