ದರ್ಜಿ ಬರೆದ ವಿಳಾಸಗಳು

ಸಹಿಪಟ್ಟಿ ಸಲ್ಲಿಸಲು ಅದೇ ಕೊನೆಯ ದಿನ, ಚುನಾವಣಾ ಕಚೇರಿ ಮುಚ್ಚಲು ಇನ್ನೊಂದೇ ಗಂಟೆ ಇತ್ತು. ದರ್ಜಿ ಸಹಿಪಟ್ಟಿಗಳ ಕಟ್ಟನ್ನು ಕೌಂಟರಿನ ಮೇಲಿಟ್ಟ. ಅವನ ಚಿಕ್ಕ ಪಕ್ಷದ ಹೆಸರು ಮತಪತ್ರದಲ್ಲಿ ಬರಬೇಕಾದರೆ ಎರಡು ಸಾವಿರ ಮತದಾರರ ಸಹಿ ಬೇಕಿತ್ತು. ಅಳತೆ ಕೊಡಲು ಬಂದವರನ್ನೆಲ್ಲ ಕಾಡಿ ಬೇಡಿ ಐದು ತಿಂಗಳಲ್ಲಿ ಅವನೊಬ್ಬನೇ ಅಷ್ಟನ್ನೂ ಕೂಡಿಸಿದ್ದ.

ಗುಮಾಸ್ತೆ ನಾಲ್ಕು ಹಾಳೆ ತಿರುವಿದಳು. "ವಿಳಾಸ ಎಲ್ಲಾ ಒಂದೇ ಕೈಬರಹದಲ್ಲಿದೆಯಲ್ಲ, ಯಜಮಾನ್ರೇ?"

"ನಾನೇ ಬರೆದಿದ್ದು ಕಣಮ್ಮ. ಸಹಿ ಅವರವರದ್ದೇ. ಜನರ ಅಕ್ಷರ ಕೋಳಿ ಕೆದಕಿದ ಹಾಗಿರುತ್ತೆ, ನಿಮಗೆ ಓದೋಕೆ ಸುಲಭ ಆಗ್ಲಿ ಅಂತ." ಅವನ ದನಿಯಲ್ಲಿ ಹೆಮ್ಮೆಯಿತ್ತು.

"ವಿಳಾಸಾನೂ ಸಹಿ ಹಾಕಿದವರೇ ಬರೀಬೇಕು. ಫಾರಂ ಹಿಂದೆ ಅಚ್ಚಾಗಿದೆ ನೋಡಿ." ಅವಳು ಮೇಲಿನ ಹಾಳೆಗೆ 'ತಿರಸ್ಕೃತ' ಎಂಬ ಮೊಹರು ಒತ್ತಿ, ಮುಂದಿನದನ್ನು ಎಳೆದುಕೊಂಡಳು.

ದರ್ಜಿ ಪಕ್ಕದಲ್ಲಿದ್ದ ಪಕ್ಷದ ಕಾರ್ಯದರ್ಶಿಯತ್ತ ತಿರುಗಿದ. ಹದಿನಾರು ವರ್ಷದಿಂದ ಅವನ ಕೈಲಿ ಬಿಟ್ಟಿ ಅಂಗಿ ಹೊಲಿಸಿಕೊಂಡ ಆಸಾಮಿ.

"ಅಣ್ಣಾ, ವಾರವಾರ ನೋಡಿ ಭೇಷ್ ಅಂದೋರು ನೀವೇ ತಾನೇ? ಸ್ವಲ್ಪ ಹೇಳಿ."

"ಅಕ್ಷರ ಮುದ್ದಾಗಿದೆ ಅಂದೆ, ಅಷ್ಟೇ. ಮೇಡಂ, ಇದು ಪಕ್ಷಕ್ಕೆ ಗೊತ್ತಿಲ್ದೇ ಆಗಿದ್ದು ಅಂತ ಬರ್ಕೊಳ್ಳಿ. ಸೂಜಿ ಹಿಡಿಯೋ ಕೈಗೆ ಪೆನ್ನು ಕೊಟ್ಟಿದ್ದೇ ತಪ್ಪಾಯ್ತು."

ಸಾಲಿನಲ್ಲಿ ನಿಂತವರು ನಕ್ಕರು. ದರ್ಜಿಯೂ ಅರ್ಥವಾಗದವನಂತೆ ಜತೆಗೆ ನಕ್ಕ.

ಪಕ್ಷಕ್ಕೆ ಬೇರೆ ಕಚೇರಿ ಇರಲಿಲ್ಲ. ಆ ಸಂಜೆ ಒಂಬತ್ತು ಸದಸ್ಯರು ದರ್ಜಿಯ ಅಂಗಡಿಯಲ್ಲೇ ಸಭೆ ಸೇರಿ, ಅವನನ್ನು ಪಕ್ಷದಿಂದ ಹೊರಹಾಕಿದರು.