ನಮ್ಮತ್ತೆ, ಮೇಜರ್ ಜನರಲ್

ನಮ್ಮತ್ತೆಯ ಬಲಗಿವಿಯ ಹಾಲೆ ಒಮ್ಮೆ ಹರಿದು ಎರಡಾಗಿ, ಮತ್ತೆ ಹೊಲಿಸಿಕೊಂಡದ್ದಾಗಿತ್ತು. ಹೊಲಿಗೆ ಬಿದ್ದ ಕಡೆ ಚರ್ಮ ಸಣ್ಣ ದಾರದ ಹಾಗೆ ಉಬ್ಬಿತ್ತು. ಚಿಕ್ಕವಳಿದ್ದಾಗ ಅವರ ತೊಡೆಯೇರಿ ಕೂತು ನಾನು ಅದನ್ನು ಬೆರಳಿನಿಂದ ಸವರುತ್ತಿದ್ದೆ. ಅವರು ಸೇನಾ ಆಸ್ಪತ್ರೆಯಲ್ಲಿ ನರ್ಸಿಂಗ್ ತರಬೇತಿಗೆ ಸೇರಿದ ಹೊಸತು. ಆಪರೇಷನ್ ಮುಗಿದು ಅರೆ ಮಂಪರಿನಲ್ಲಿದ್ದ ಸೈನಿಕನೊಬ್ಬ ಮಂಚದಿಂದ ಎದ್ದು ಓಡಲು ಹೋಗಿ, ಕೈಗೆ ಸಿಕ್ಕ ಓಲೆಯನ್ನೇ ಹಿಡಿದು ಜಗ್ಗಿದನಂತೆ. ನಮ್ಮಜ್ಜಿ ಆಸೆಪಟ್ಟು ಮಾಡಿಸಿದ್ದ ಕೆಂಪು ಹರಳಿನ ಓಲೆ. ಕತ್ತಿನ ಮೇಲೆ ರಕ್ತ ಇಳಿಯುತ್ತಿದ್ದರೂ ಅತ್ತೆ ಮೊದಲು ಅವನನ್ನು ಮಲಗಿಸಿ, ಅವನ ಹೊಟ್ಟೆಯ ಹೊಲಿಗೆ ಬಿಚ್ಚಿಲ್ಲವೆಂದು ನೋಡಿಕೊಂಡು, ಆಮೇಲೆ ತಮ್ಮ ಕಿವಿಗೆ ಹತ್ತಿ ಒತ್ತಿಕೊಂಡರು. ಅಲ್ಲಿಂದಾಚೆಗೆ ಓಲೆ ಹಾಕಲಿಲ್ಲ. ರಜೆಯಲ್ಲಿ ಸೋಲೂರಿಗೆ ಬಂದಾಗ ಹೆಂಗಸರು, "ಬೋಳ್ಗಿವೀಲಿ ಓಡಾಡ್ಬ್ಯಾಡ ಕಣವ್ವ, ನೋಡಕಾಗಲ್ಲ" ಅನ್ನುತ್ತಿದ್ದರು. "ಇನ್ನೊಂದೂ ಹರೀಲಿ ಅಂತೀರಾ?" ಎಂದು ಅತ್ತೆ ನಕ್ಕುಬಿಡುತ್ತಿದ್ದರು.

ಅತ್ತೆ ಎಂದರೆ ನನ್ನ ತಂದೆಯ ಒಬ್ಬಳೇ ತಂಗಿ. ಊರಿನವರ ಬಾಯಲ್ಲಿ ಮೊದಲು ನರ್ಸಮ್ಮ, ಆಮೇಲೆ ಮಿಲ್ಟ್ರಿಯಕ್ಕ. ಸೇನೆಯ ಕಾಗದಗಳಲ್ಲಿ ಕೊನೆಗೆ ಮೇಜರ್ ಜನರಲ್. ಸೇನೆಯ ನರ್ಸಿಂಗ್ ವಿಭಾಗದಲ್ಲಿ ಅದಕ್ಕಿಂತ ಮೇಲಿನ ಹುದ್ದೆ ಇಲ್ಲ.

ಅವರು ಪಿಯುಸಿ ಮುಗಿಸಿದ ವರ್ಷ ಪತ್ರಿಕೆಯಲ್ಲಿ ಬಂದ ಜಾಹೀರಾತನ್ನು ಕತ್ತರಿಸಿ ತಂದುಕೊಟ್ಟವನು ನಮ್ಮಪ್ಪ. ಅಪ್ಪ ಆಗ ಖಾಸಗಿ ಬಸ್ಸೊಂದರಲ್ಲಿ ಕ್ಲೀನರ್ ಆಗಿದ್ದ. ಮುಂದೆ ಮಾಗಡಿ–ನೆಲಮಂಗಲದ ಸರ್ಕಾರಿ ಬಸ್ಸಿಗೆ ಡ್ರೈವರ್ ಆದ. ಅಣ್ಣ ತಂಗಿ ಸೇರಿ ಅರ್ಜಿ ಹಾಕಿದ್ದು ತಾತನಿಗೆ ಗೊತ್ತಾದದ್ದು ಆಯ್ಕೆಯ ಪತ್ರ ಮನೆಗೆ ಬಂದಾಗ. ತಾತ ತೆಂಗಿನ ತೋಟ, ನಾಲ್ಕು ಹಸು ಇಟ್ಟುಕೊಂಡು ಊರಿನಲ್ಲಿ ತಲೆಯೆತ್ತಿ ಬದುಕಿದ್ದ ಮನುಷ್ಯ.

"ಕಂಡೋರ್ ಮೈ ತೊಳ್ಯಕೆ ನನ್ ಮಗ್ಳ ಕಳಿಸ್ಲಾ? ಈ ಮನೇಲಿ ಮುದ್ದೆಗೆ ಬರ ಬಂದೈತಾ?" ಎಂದು ಜಗಲಿಯಲ್ಲಿ ಕೂತು ಕೇಳಿದನಂತೆ.

ಒಳಗಿನಿಂದ ಅಜ್ಜಿ ಬಂದು ಬಾಗಿಲಲ್ಲಿ ನಿಂತಳು. "ಮೊನ್ನೆ ಅಸ ಈಯಕಾಗ್ದೆ ಒದ್ದಾಡ್ತಿದ್ದಾಗ ಮೊಣಕೈವರ್ಗೂ ಕೈ ಆಕಿ ಕರ ಎಳದೋಳು ಅವ್ಳೇ. ನೀವು ಲಾಟೀನ್ ಇಡ್ಕಂಡು ನಿಂತಿದ್ರಿ. ಅವತ್ತು ಅವಳ ಕೈ ಏನೂ ಮೈಲ್ಗೆ ಆಗ್ನಿಲ್ವಲ್ಲ. ಓಗ್ಲಿ ಬುಡಿ."

ಅತ್ತೆ ಹೊರಡುವ ಬೆಳಿಗ್ಗೆ ತೋಟಕ್ಕೆ ಹೋದ ತಾತ ಬಸ್ಸು ಹೋಗುವ ತನಕ ಮನೆಗೆ ಬರಲಿಲ್ಲ. ಆಮೇಲೆ ಎಷ್ಟೋ ವರ್ಷ ಮಗಳು ರಜೆಗೆ ಬಂದರೆ ಊಟ ಆಯ್ತಾ ಎಂದು ಕೇಳುವುದು ಬಿಟ್ಟರೆ ಬೇರೆ ಮಾತಿಲ್ಲ. ಭುಜದ ಮೇಲೆ ನಕ್ಷತ್ರ ಹೊತ್ತು ಲೆಫ್ಟಿನೆಂಟ್ ಆಗಿ ಬಂದಾಗಲೂ ಅಷ್ಟೇ. "ಅದೇನ್ ಇಸ್ಟಾರೋ, ಸೂಜಿ ಚುಚ್ಚೋ ಕೆಲಸ ತಾನೆ" ಎಂದು ಯಾರೋ ಅಂಗಡಿಯಲ್ಲಿ ಅಂದರೆ ತಾತ ತಲೆ ತಗ್ಗಿಸಿ ಎದ್ದು ಬರುತ್ತಿದ್ದ ಎಂದು ಅಪ್ಪ ಹೇಳುತ್ತಾನೆ.

ಕ್ಯಾಪ್ಟನ್ ಆದ ಮೇಲೆ ಒಂದು ಸಂಬಂಧ ಬಂತು. ಮಾಗಡಿಯಲ್ಲಿ ಬಟ್ಟೆ ಅಂಗಡಿ ಇಟ್ಟವರು. ಹುಡುಗಿ ಒಪ್ಪಿಗೆ, ಆದರೆ ಕೆಲಸ ಬಿಡಬೇಕು ಎಂದರು. ಕಾಫಿ ತಂದಿಟ್ಟ ಅತ್ತೆ ಅಲ್ಲೇ ನಿಂತು, "ನಿಮ್ಮ ಮಗ ಅಂಗಡಿ ಮುಚ್ಚಿ ನನ್ ಜತೆ ಜಮ್ಮುವಿಗೆ ಬರ್ತಾರಾ?" ಎಂದು ಸಮಾಧಾನವಾಗಿಯೇ ಕೇಳಿದರು. ಬಂದವರು ಕಾಫಿ ಕುಡಿಯದೆ ಎದ್ದರು. ಅತ್ತೆ ಆ ಕಾಫಿಯನ್ನೆಲ್ಲ ತಾವೇ ಕುಡಿದರು. ಮದುವೆಯ ಮಾತು ಅಲ್ಲಿಗೆ ನಿಂತಿತು. ಅದರ ಬಗ್ಗೆ ಅವರು ಕೊರಗಿದ್ದನ್ನು ನಾನು ಕಂಡಿಲ್ಲ. ಕಾಣದ ಹಾಗೆ ಕೊರಗಿದ್ದರೆ ನನಗೆ ಗೊತ್ತಿಲ್ಲ.

ರಜೆಗೆ ಬಂದರೆ ಮನೆಯೇ ಬೇರೆಯಾಗುತ್ತಿತ್ತು. ಕಂಬಳಿಗಳ ಮೂಲೆಯನ್ನು ಲಕೋಟೆಯಂತೆ ಮಡಚಿ ಹಾಸಿಗೆಯ ಅಡಿಗೆ ಸೇರಿಸುತ್ತಿದ್ದರು. ಅವರು ಹಾಸಿದ ಹಾಸಿಗೆಯಲ್ಲಿ ಕಾಲು ಚಾಚಲು ನಾವು ಒದ್ದಾಡಬೇಕಿತ್ತು. ಅಡುಗೆ ಬರುತ್ತಿರಲಿಲ್ಲ, ಮುದ್ದೆ ಕಟ್ಟಲು ಹೋಗಿ ಗಂಟು ಮಾಡಿ ಅಜ್ಜಿಯಿಂದ ಬೈಸಿಕೊಳ್ಳುತ್ತಿದ್ದರು. ಆದರೆ ಅವರೆಕಾಳಿನ ಉಪ್ಸಾರು ಇದ್ದರೆ ಎರಡು ಮುದ್ದೆ ನುಂಗುತ್ತಿದ್ದರು. ಬೀದಿಯಲ್ಲಿ ಯಾರಾದರೂ ತಲೆಸುತ್ತಿ ಬಿದ್ದರೆ ಜನ ಸುತ್ತಲೂ ನಿಂತು ಯಾರ ಮನೆಯವರು, ಯಾವ ಊರಿನವರು ಎಂದು ವಿಚಾರಿಸುವ ಹೊತ್ತಿಗೆ ಅತ್ತೆ ಮಂಡಿಯೂರಿ ಆಗಿರುತ್ತಿತ್ತು. "ಮೊದಲು ಉಸಿರು ನೋಡಿ, ಆಮೇಲೆ ಹೆಸರು ಕೇಳಿ" ಎಂದು ಗದರುತ್ತಿದ್ದರು.

ನಾನು ಹೈಸ್ಕೂಲಿನಲ್ಲಿದ್ದಾಗ ಉತ್ತರದ ಬೆಟ್ಟಗಳಲ್ಲಿ ಯುದ್ಧ ನಡೆಯಿತು. ಅತ್ತೆ ಆಗ ಮೇಜರ್; ಗಾಯಾಳುಗಳನ್ನು ಹೆಲಿಕಾಪ್ಟರಿನಲ್ಲಿ ತಂದಿಳಿಸುವ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯ ವಾರ್ಡು ಅವರದು. ಮನೆಯಲ್ಲಿ ಟಿವಿ ಮುಂದೆ ಎಲ್ಲರೂ ಕೂರುತ್ತಿದ್ದೆವು. ತಾತ ಮಾತ್ರ ಹೊರಗೆ ಜಗಲಿಯಲ್ಲಿ ಕೂತು, ಕಿಟಕಿಯಿಂದ ಕೇಳಿಸಿಕೊಳ್ಳುತ್ತಿದ್ದ.

ಆ ವಾರ್ಡಿನಲ್ಲಿ ಏನಾಯಿತೆಂದು ಅತ್ತೆ ನಮಗೆ ಹೇಳಲಿಲ್ಲ. ಹೇಳಿದವನು ಬೇರೆ. ಮಾರನೆಯ ವರ್ಷ ಮಧ್ಯಾಹ್ನದ ಬಸ್ಸಿಳಿದು ಒಬ್ಬ ತರುಣ ತಾಯಿಯ ಜೊತೆ ನಮ್ಮ ಮನೆ ಹುಡುಕಿಕೊಂಡು ಬಂದ. ಕನಕಪುರದ ಕಡೆಯವರು. ತಾಯಿಯ ತಲೆಯ ಮೇಲೆ ಹುಣಸೆಹಣ್ಣಿನ ಚೀಲ. ಅವನು ಪ್ಯಾಂಟು ತೊಟ್ಟು ನೆಟ್ಟಗೆ ನಡೆಯುತ್ತಿದ್ದರೂ ಎಡಗಾಲು ಮಂಡಿಯಿಂದ ಕೆಳಗೆ ಕೃತಕದ್ದು. ಜಗಲಿಯ ಮೇಲೆ ಕೂತು ಅವನೇ ಹೇಳಿದ. ಕಾಲು ಕೊಳೆಯತೊಡಗಿತ್ತು, ಅವತ್ತೇ ತೆಗೆಯದಿದ್ದರೆ ಪ್ರಾಣ ಉಳಿಯುವುದಿಲ್ಲ ಎಂದು ಡಾಕ್ಟರು ಹಿಂದಿಯಲ್ಲಿ ಹೇಳಿದರು. ಇವನು ನೋವಿನಲ್ಲಿ ಹಿಂದಿ ಮರೆತು, ಮುಟ್ಟಬೇಡಿ ಎಂದು ಕನ್ನಡದಲ್ಲಿ ಕೂಗಾಡಿ ಹತ್ತಿರ ಬಂದವರನ್ನೆಲ್ಲ ತಳ್ಳುತ್ತಿದ್ದ. ಜ್ವರ ತಲೆಗೇರಿದೆ ಎಂದು ಎಲ್ಲರೂ ಅಂದುಕೊಂಡರು.

"ಆಗ ಯಾರೋ 'ಯಾವೂರ್ಲಾ ನಿಂದು?' ಅಂದ್ರು ತಾತ. ನಮ್ಮೂರ್ ಬೀದೀಲಿ ಕೇಳ್ದಂಗೆ. ತಿರುಗಿ ನೋಡುದ್ರೆ ಮೇಡಮ್ಮು. ಕನಕಪುರದ ತಾವ ಅಂದೆ. 'ನಾನು ಸೋಲೂರೋಳು. ಯಾಕ್ಲಾ ಕಾಲ್ ಕೊಡಲ್ಲ ಅಂತೀಯ?' ಅಂದ್ರು. ಒಂಟಿ ಕಾಲಲ್ಲಿ ಊರ್ಗೆ ಎಂಗೋಗ್ಲಿ ಅಕ್ಕ ಅಂತ ಅಳಕ್ ಸುರು ಮಾಡ್ದೆ."

"ಅದಕ್ಕವಳು ಏನಂದ್ಲು?" ತಾತ ಕೇಳಿದ.

"'ಬಸ್ಸಲ್ಲಿ ಓಗು. ನಮ್ಮಣ್ಣ ಡ್ರೈವರ್ರು, ಕೂರಕ್ಕೆ ಸೀಟ್ ಕೊಡ್ಸ್ತಾನೆ' ಅಂದ್ರು. ಆ ನೋವಲ್ಲೂ ನಗು ಬಂದ್ಬುಡ್ತು ತಾತ. ತಗೀರಿ ಅಂದ್ಬುಟ್ಟೆ. ಮಂಪರು ಬರೋಗಂಟ ಕೈ ಇಡ್ಕಂಡೇ ಇದ್ರು."

ಅವನ ತಾಯಿ ತಾತನ ಕಡೆ ತಿರುಗಿದಳು. "ಎರಡು ತಿಂಗ್ಳು ಮಲಗಿದ್ ಕಡೇನೇ ಇದ್ನಂತೆ ಸ್ವಾಮಿ. ಎತ್ತೋಳು ನಾನು ತೊಳೀಬೇಕಾಗಿದ್ ಮೈಯ ನಿಮ್ ಮಗ್ಳು ತೊಳದವ್ಳೆ. ನಾನು ಅವಳ್ಗೆ ಏನ್ ಕೊಡ್ಲಿ? ನಮ್ ಮರದ್ ಹುಣ್ಸೆಹಣ್ಣು ತಂದಿವ್ನಿ."

ತಾತ ಎದ್ದು ತೋಟಕ್ಕೆ ಹೋಗಿ ಆಳಿನ ಕೈಯಲ್ಲಿ ಎಳನೀರು ಕೆಡವಿಸಿ, ತಾನೇ ಹೊತ್ತು ತಂದು, ತಾನೇ ಕೊಚ್ಚಿ ಇಬ್ಬರಿಗೂ ಕೊಟ್ಟ. ಅವರನ್ನು ಬಸ್ಸಿನ ತನಕ ಹೋಗಿ ಕೂರಿಸಿ ಬಂದ. ಸಂಜೆ ಅಂಗಡಿಯ ಮುಂದೆ ಯಾರೋ ಬಂದಿದ್ದರಲ್ಲ ಎಂದು ಕೇಳಿದವರಿಗೆ, "ನಮ್ ಮೇಜರ್ ಕಡೆಯೋರು" ಎಂದನಂತೆ. ಅತ್ತೆ ಮುಂದಿನ ರಜೆಗೆ ಬಂದಾಗ ಬಸ್ ನಿಲ್ದಾಣದಲ್ಲಿ ತಾತ ನಿಂತಿದ್ದ. ಪೆಟ್ಟಿಗೆಯನ್ನು ಅವನೇ ಹಿಡಿದುಕೊಂಡ. ಅತ್ತೆ ಕೊಡುವುದಿಲ್ಲವೆಂದು ಎಳೆದರು, ತಾತ ಬಿಡಲಿಲ್ಲ. ಇಬ್ಬರೂ ಪೆಟ್ಟಿಗೆಯ ಒಂದೊಂದು ಕಡೆ ಹಿಡಿದುಕೊಂಡು ಬೀದಿಯುದ್ದ ಬಂದದ್ದನ್ನು ನಾನು ನೋಡಿದ್ದೇನೆ.

ಕೆಲವು ವರ್ಷಗಳ ಮೇಲೆ ತಾತ ತೀರಿಕೊಂಡಾಗ ಅತ್ತೆ ಇದ್ದ ಕಡೆ ಹಿಮ ಬಿದ್ದು ದಾರಿ ಮುಚ್ಚಿತ್ತು. ಬಂದು ಸೇರಿದ್ದು ಮಣ್ಣು ಮಾಡಿದ ಮೇಲೆ.

ಅವರು ಕರ್ನಲ್ ಆಗಿದ್ದಾಗ ನಡೆದದ್ದು ಇನ್ನೊಂದು. ದೊಡ್ಡ ಆಸ್ಪತ್ರೆಯೊಂದರ ನರ್ಸುಗಳಿಗೆಲ್ಲ ಅವರೇ ಮೇಲಧಿಕಾರಿ. ಅಲ್ಲಿ ಪ್ರತ್ಯೇಕವಾದ ಒಂದು ಕೋಣೆಯಲ್ಲಿ ಸ್ಟೋವ್ ಸಿಡಿದು ಮೈ ಸುಟ್ಟುಕೊಂಡ ಅಡುಗೆಯ ಸಿಪಾಯಿ ಇದ್ದ. ಬಹಳ ಹಿರಿಯ ಅಧಿಕಾರಿಯೊಬ್ಬರ ಮನೆಯವರಿಗೆ ಜ್ವರ ಬಂತು. ಆ ಕೋಣೆಯನ್ನು ಅವರಿಗೆ ಬಿಡಿಸಿಕೊಡಿ ಎಂದು ಫೋನು ಬಂತು. ಸಿಪಾಯಿಯನ್ನು ಸಾಮಾನ್ಯ ವಾರ್ಡಿಗೆ ಹಾಕಿದರೆ ಸೋಂಕು ತಗುಲಿ ಸಾಯುತ್ತಾನೆ, ಆದ್ದರಿಂದ ಆಗುವುದಿಲ್ಲ ಎಂದು ಅತ್ತೆ ಹೇಳಿದರು. ಮತ್ತೆ ಫೋನು ಬಂತು. "ಸರ್, ಬರವಣಿಗೆಯಲ್ಲಿ ಆದೇಶ ಕೊಡಿ, ಕೆಳಗೆ ನನ್ನ ಅಭಿಪ್ರಾಯವನ್ನೂ ಬರೆದು ಸಹಿ ಹಾಕುತ್ತೇನೆ" ಎಂದರು. ಆದೇಶ ಬರಲಿಲ್ಲ. ಸಿಪಾಯಿ ಬದುಕಿದ. ಆದರೆ ತಿಂಗಳೊಳಗೆ ಅತ್ತೆಗೆ ಪೂರ್ವದ ಗಡಿಯ ಸಣ್ಣ ಆಸ್ಪತ್ರೆಯೊಂದಕ್ಕೆ ವರ್ಗವಾಯಿತು. ಬಡ್ತಿಯ ಪಟ್ಟಿಯಲ್ಲಿ ಅವರಿಗಿಂತ ಕಿರಿಯರು ಮುಂದೆ ಹೋದರು.

ಅಪ್ಪ ಫೋನಿನಲ್ಲಿ ಸಿಟ್ಟಾದ. "ಒಂದ್ ರೂಮ್ಗೋಸ್ಕರ ಇಷ್ಟ್ ವರ್ಷದ್ ಕೆಲಸ ಮಣ್ ಮಾಡ್ಕಂಡಲ್ಲವ್ವ."

"ಇಲ್ಲೂ ಕಾಯಿಲೆಯವರು ಇದ್ದಾರಲ್ಲಣ್ಣ" ಎಂದರು ಅತ್ತೆ. ಆದರೆ "ಒಸಿ ಬೇಜಾರಾಗೈತೆ, ಇಲ್ಲ ಅನ್ನಲ್ಲ" ಎಂದೂ ಸೇರಿಸಿದರಂತೆ. ಅಷ್ಟು ದಿನ ಹೊರಗಿದ್ದು ಮಾತು ತಿದ್ದಿಕೊಂಡಿದ್ದ ಅವರ ಬಾಯಲ್ಲಿ ಊರಿನ ಮಾತು ಬಂದದ್ದು ಕೇಳಿ ಅಪ್ಪನಿಗೆ ಮುಂದೆ ಬೈಯಲು ಆಗಲಿಲ್ಲ.

ತಡವಾಗಿ ಬ್ರಿಗೇಡಿಯರ್ ಆದರು. ಆಮೇಲೆ ಎಲ್ಲರೂ ಕೈಬಿಟ್ಟಿದ್ದ ಹೊತ್ತಿನಲ್ಲಿ ಮೇಜರ್ ಜನರಲ್ ಎಂದು ಆದೇಶ ಬಂತು. ಭುಜದ ಮೇಲೆ ಹೊಸ ಹುದ್ದೆಯ ಪಟ್ಟಿ ಕೂರಿಸುವ ಸಮಾರಂಭಕ್ಕೆ ಅಪ್ಪನೂ ನಾನೂ ದೆಹಲಿಗೆ ಹೋದೆವು. ಒಂದು ಭುಜಕ್ಕೆ ಹಿರಿಯ ಅಧಿಕಾರಿ, ಇನ್ನೊಂದಕ್ಕೆ ಮನೆಯವರು ಕೂರಿಸುವುದು ಅಲ್ಲಿಯ ಕ್ರಮ. ಅಧಿಕಾರಿ ಒಂದೇ ಚಿಟಿಕೆಯಲ್ಲಿ ಮುಗಿಸಿದರು. ಅಪ್ಪನ ಸರದಿ. ವರ್ಷಗಟ್ಟಲೆ ಸ್ಟೇರಿಂಗ್ ತಿರುಗಿಸಿ ದಪ್ಪಗಾದ ಬೆರಳುಗಳಿಗೆ ಆ ಸಣ್ಣ ಗುಂಡಿ ಸಿಗಲಿಲ್ಲ.

"ಒಸಿ ತಡಿಯವ್ವ, ಓಯ್ತಾ ಇಲ್ಲ ಇದು" ಎಂದ ಅಪ್ಪ.

"ಅವಸರ ಇಲ್ಲ ಕಣಣ್ಣ. ನಿಧಾನಕ್ಕೆ ಹಾಕು" ಎಂದರು ಅತ್ತೆ, ಕಣ್ಣು ನೇರ ಮುಂದಕ್ಕೆ ಇಟ್ಟುಕೊಂಡೇ.

ಕೂತವರಿಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿಯಿತು. ಕೊನೆಗೂ ಪಟ್ಟಿ ಕೂತಾಗ ಸಾಲುಸಾಲು ಅಧಿಕಾರಿಗಳು ಎದ್ದು ಚಪ್ಪಾಳೆ ಹೊಡೆದರು. ಅಪ್ಪ ಏನು ಮಾಡಬೇಕೆಂದು ತೋಚದೆ ತಂಗಿಯ ತಲೆ ಸವರಿಬಿಟ್ಟ. ಟೋಪಿ ಸೊಟ್ಟಗಾಯಿತು. ಜನರಲ್ ಅದನ್ನು ಹಾಗೇ ಬಿಟ್ಟುಕೊಂಡು ನಿಂತರು.

ನಿವೃತ್ತಿಯ ಮೇಲೆ ಅವರು ಸೋಲೂರಿಗೇ ಬಂದರು. ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಕೂತು, ಬಂದವರ ರಕ್ತದೊತ್ತಡ ನೋಡಿ, ಮಾತ್ರೆ ನುಂಗದವರನ್ನು ಬೈಯುತ್ತಿದ್ದರು. ಹೋದ ವರ್ಷ ಅವರಿಗೇ ಎದೆನೋವು ಬಂತು. ಬೆಂಗಳೂರಿನಲ್ಲಿ ಅವರು ತರಬೇತಿ ಪಡೆದಿದ್ದ ಸೇನಾ ಆಸ್ಪತ್ರೆಗೇ ಕರೆದುಕೊಂಡು ಹೋದೆವು. ಕಾಗದಗಳೆಲ್ಲ ಇನ್ನೂ ಕೆಳಗೆ ಕೌಂಟರಿನಲ್ಲಿದ್ದವು. ತುರ್ತು ವಾರ್ಡಿನಲ್ಲಿದ್ದವಳು ಹೊಸದಾಗಿ ಬಂದ ಲೆಫ್ಟಿನೆಂಟ್, ಹಾಸನದ ಕಡೆಯ ಹುಡುಗಿ. ಹಳೆಯ ಸೀರೆಯುಟ್ಟು ಮಲಗಿದ್ದ ಅತ್ತೆಯನ್ನು ಯಾರೋ ಸೈನಿಕನ ತಾಯಿ ಎಂದುಕೊಂಡು, "ಅಜ್ಜಿ, ಕೈ ಕೊಡಿ" ಎಂದಳು. ಸೂಜಿಗೆ ನರ ಸಿಗಲಿಲ್ಲ. ಎರಡನೆಯ ಸಲವೂ ತಪ್ಪಿತು. ಅವಳ ಹಣೆಯಲ್ಲಿ ಬೆವರು. ಇವರು ಯಾರು ಗೊತ್ತಾ ಎಂದು ಹೇಳಲು ನಾನು ಬಾಯಿ ತೆಗೆದೆ. ಅತ್ತೆ ನನ್ನ ಕೈ ಅದುಮಿ, "ಹೇಳಬೇಡ" ಎಂದು ಪಿಸುಗುಟ್ಟಿದರು. "ಹೆದರಿದ್ರೆ ಅವಳ ಕೈಗೆ ನರ ಸಿಗಲ್ಲ." ಆಮೇಲೆ ಅವಳಿಗೆ, "ಪಟ್ಟಿ ಒಂಚೂರು ಮೇಲೆ ಕಟ್ಟು ಮಗ. ನನಗೇನೂ ನೋವಾಗ್ತಿಲ್ಲ" ಎಂದರು. ಮೂರನೆಯ ಸಲ ಸಿಕ್ಕಿತು.

ಅಷ್ಟರಲ್ಲಿ ಕಾಗದ ಹಿಡಿದು ಓಡಿಬಂದ ಮೇಲಧಿಕಾರಿ ಹಾಸಿಗೆಯ ಮುಂದೆ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ಹುಡುಗಿಯ ಮುಖ ಬಿಳುಪೇರಿತು. ಅತ್ತೆ ಅವಳನ್ನೇ ನೋಡುತ್ತ, "ಇವಳ ಕೈ ಚೆನ್ನಾಗಿದೆ. ನನ್ನ ಡ್ಯೂಟಿ ಇವಳಿಗೇ ಕೊಡಿ" ಎಂದರು. ಕೊನೆಯ ವಾರ ಅವರನ್ನು ನೋಡಿಕೊಂಡವಳು ಅವಳೇ. ನಾನೂ ಒಬ್ಬ ಶಿಕ್ಷಕಿ. ಹುಡುಗರಿಗೆ ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ. ಪಾಠ ಹೇಗೆ ಮಾಡಬೇಕೆಂದು ನನಗೆ ಗೊತ್ತಾದದ್ದು ಆ ಬೆಳಿಗ್ಗೆ.

ಬಾವುಟ ಹೊದಿಸಿ ಸೇನೆಯ ವಾಹನದಲ್ಲಿ ಅವರನ್ನು ಸೋಲೂರಿಗೆ ತಂದರು. ತೋಟದಲ್ಲಿ ಎಲ್ಲಿ ಗುಣಿ ತೋಡುವುದೆಂದು ಊರಿನ ಹಿರಿಯರಲ್ಲಿ ಮಾತು ಎದ್ದಿತು. ಮದುವೆಯಾಗದ ಹೆಣ್ಣುಮಗಳು, ಮನೆಯ ಹಿರಿಯರ ಸಾಲಿನಲ್ಲಿ ಬೇಡ, ಬೇಲಿಯ ಕಡೆಗೆ ಮಾಡೋಣ ಎಂದರು ಒಬ್ಬರು. ಅಪ್ಪ ತಾತನ ಸಮಾಧಿಯ ಬಲಗಡೆ ಹೋಗಿ ನಿಂತುಕೊಂಡ. ಎಡಗಡೆ ಅಜ್ಜಿಯದು. ಬಲಗಡೆಯ ಜಾಗದಲ್ಲಿ ಅಪ್ಪ ಇಷ್ಟು ವರ್ಷ ಒಂದು ತೆಂಗಿನ ಸಸಿಯನ್ನೂ ನೆಟ್ಟಿರಲಿಲ್ಲ. ಯಾಕೆಂದು ನಾವು ಯಾರೂ ಕೇಳಿರಲಿಲ್ಲ.

"ಇಲ್ಲಿ ತೋಡಿ" ಎಂದ. "ನಮ್ಮಪ್ಪ ಸಾಯೋಕ್ ಮುಂಚೆ ನನ್ನ ಕರ್ಕಂಬಂದು ಇದೇ ಜಾಗ ತೋರ್ಸಿದ್ದ. 'ಎಡಗಡೆ ನಿಮ್ಮವ್ವಂಗೆ. ಬಲಗಡೆ ಯಾರ್ಗೂ ಕೊಡ್ಬ್ಯಾಡ ಕಣ್ಲಾ, ಅದು ನಮ್ ಮೇಜರ್ದು' ಅಂದಿದ್ದ."

ಬೇಲಿಯ ಕಡೆಗೆ ಎಂದಿದ್ದ ಹಿರಿಯರೇ ಮುಂದೆ ಬಂದು ಮೊದಲ ಗುದ್ದಲಿ ಹಾಕಿದರು.